ಒಂದೇ ಸೀಮೆಸುಣ್ಣ

ಫೋರ್ಕ್ ಅಂದರೆ ಪಾಲಾಗುವುದು, ಅಂದೆ ಸಿ ಲ್ಯಾಬಿನಲ್ಲಿ.
ಒಂದು ಪ್ರೋಸೆಸ್ ಎರಡಾಗುತ್ತದೆ. ಅಪ್ಪನ ಹತ್ತಿರ ಇದ್ದದ್ದೆಲ್ಲ
ಮಗುವಿಗೂ ಒಂದೊಂದು ಪ್ರತಿ.
ಆಮೇಲೆ ಮಗು ತನ್ನ ಎಕ್ಸನ್ನು ಏಳು ಮಾಡಿಕೊಂಡರೂ
ಅಪ್ಪನ ಎಕ್ಸ್ ಐದೇ.
ವಿಳಾಸ ಪ್ರಿಂಟ್ ಮಾಡಿ ನೋಡಿ, ಎರಡೂ ಕಡೆ ಅದೇ,
ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಬೆಲೆ ಮಾತ್ರ ಬೇರೆ.

ಮೂರನೇ ಸಾಲಿನ ತುಳಜಾ ಕೈ ಎತ್ತದೆಯೇ ಹೇಳಿದಳು:
"ನಮ್ಮನೇಲೂ ಹಾಗೇ ಮೇಡಂ. ಡೋರ್ ನಂಬರು ಒಂದೇ."

ಸೀಗೆಹಟ್ಟಿಯಲ್ಲಿ ಅವರದು ಹಿಟ್ಟಿನ ಗಿರಣಿ.
ಬೆಳಗಿನಿಂದ ಎರಡರ ತನಕ ಅಪ್ಪ ತುಕ್ಕೋಜಿ,
ಎರಡರ ಮೇಲೆ ದೊಡ್ಡಪ್ಪ ಹನುಮೋಜಿ.
ಮಾತು ಬಿಟ್ಟು ಒಂಬತ್ತು ವರ್ಷ. ಯಾಕೆ ಅಂತ ಕೇಳಿದರೆ
ಇಬ್ಬರೂ ಮೋಟಾರಿನ ಗುಂಡಿ ಒತ್ತುತ್ತಾರಂತೆ.
ನಡುವೆ ಒಂದು ಕರಿಹಲಗೆ, ಹಿಟ್ಟು ಕೂತು ಬೂದಿಬಣ್ಣ.
ಅದರ ಮೇಲೆ: ಬೆಲ್ಟ್ ಸವೆದಿದೆ.
ಕೆಳಗೆ, ಬೇರೆ ಕೈಬರಹ: ನೋಡಿದೆ.
ಜಲಜಮ್ಮನ ಡಬ್ಬಿ, ಕಾಸು ಬಾಕಿ.
ಮೂಲೆಯಲ್ಲಿ ಆ ದಿನದ ಒಟ್ಟು ಕೇಜಿ.

ಇದೇ, ಅಂದೆ, ಇದೇ ಶೇರ್ಡ್ ಮೆಮೊರಿ.
ಪುಸ್ತಕದ ಚಿತ್ರ ಒರೆಸಿ ಬೋರ್ಡಿನಲ್ಲಿ ಗಿರಣಿ ಬರೆದೆ.
ಆನೆಯ ಹಾಗೆ ಬಂತು.

"ಒಂದಿನ ಎರಡು ಗಂಟೆಗೆ ಇಬ್ಬರೂ ಒಟ್ಟಿಗೆ ನಿಂತಿದ್ದರು.
ಹಲಗೆಯಲ್ಲಿ ನಲವತ್ತೊಂದು. ಅಪ್ಪ ಓದಿದರು. ದೊಡ್ಡಪ್ಪನೂ ಓದಿದರು.
ಅಪ್ಪ ಐದು ಕೇಜಿ ರಾಗಿ ಕೂಡಿಸಿ ನಲವತ್ತಾರು ಬರೆದರು.
ದೊಡ್ಡಪ್ಪ ತಮ್ಮ ಮೂರು ಕೇಜಿ ಗೋಧಿ ಕೂಡಿಸಿ,
ಅದನ್ನು ಒರೆಸಿ, ನಲವತ್ನಾಲ್ಕು."
ಐದು ಕೇಜಿ ರಾಗಿ
ಯಾರೂ ಕದಿಯದೆ ಕಾಣೆಯಾಯಿತು.
ಆ ರಾತ್ರಿ ಹಲಗೆ ತುಂಬ ಜಗಳ, ಕಾಗುಣಿತದ ತಪ್ಪು ಸಮೇತ.

ಅಜ್ಜಿ ಬಂದು ಸೀಮೆಸುಣ್ಣದ ಡಬ್ಬ ಎತ್ತಿಕೊಂಡು ಹೋದಳು.
ಒಂದೇ ತುಂಡಿಗೆ ನೂಲು ಸುತ್ತಿ ಮೊಳೆಗೆ ನೇತುಹಾಕಿದಳು.
ತುಂಡು ಯಾರ ಕೈಯಲ್ಲೋ ಅವನೇ ಓದಬೇಕು, ಅವನೇ ಬರೆಯಬೇಕು,
ಮೊಳೆಗೆ ವಾಪಸು ಹಾಕಬೇಕು. ಅಲ್ಲಿತನಕ
ಇನ್ನೊಬ್ಬ ನಿಂತಿರಬೇಕು.
ಸೆಮಾಫೋರ್ ಎಂಬ ಪದ ಆಕೆ ಕೇಳಿರಲಾರಳು.

ವಾಪಸು ಹಾಕುವುದನ್ನೇ ಮರೆತರೆ? ಹಿಂದಿನ ಬೆಂಚಿನವನ ಪ್ರಶ್ನೆ.
ಪರೀಕ್ಷೆಗೆ ಬರುವಂಥದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ತುಳಜಾ:
"ಹೋದ ತಿಂಗಳು ದೊಡ್ಡಪ್ಪ ಎದೆ ಹಿಡಿದುಕೊಂಡು
ಮೆಗ್ಗಾನ್ ಆಸ್ಪತ್ರೆಗೆ ಹೋದಾಗ, ನೂಲಿನ ಸಮೇತ
ಸೀಮೆಸುಣ್ಣ ಜೇಬಲ್ಲಿತ್ತು.
ಮೂರನೇ ದಿನ ಅಂಗಿ ಬಂತು, ಪ್ಲಾಸ್ಟಿಕ್ ಕವರಿನಲ್ಲಿ.
ಅಪ್ಪ ಇನ್ನೂ ನಿಂತಿದ್ದಾರೆ ಮೇಡಂ.
ಎದುರಿನ ಅಂಗಡೀಲೇ ಸೀಮೆಸುಣ್ಣ ಸಿಗುತ್ತೆ. ತರಲ್ಲ.
ಲೆಕ್ಕ ಬಾಯಲ್ಲೇ."

ಎಲ್ಲರೂ ಹೋದ ಮೇಲೆ
ಉಳಿದ ತುಣುಕುಗಳ ಪಟ್ಟಿ ತೆಗೆದೆ. ಪ್ರೋಸೆಸ್ ಸತ್ತರೂ
ಹಂಚಿಕೊಂಡ ಮೆಮೊರಿ ತಾನಾಗಿ ಸಾಯುವುದಿಲ್ಲ,
ಯಾರಾದರೂ ಅಳಿಸಬೇಕು. ದಿನಾ ಸಂಜೆ
ಅಳಿಸುವವಳು ನಾನು, ಪೊರಕೆ ಹಿಡಿದ ಹಾಗೆ.
ಇಪ್ಪತ್ತಮೂರು ಸಾಲು. ಕೊನೆಯದು ತುಳಜಾಳದು.
ಜೋಡಿಕೊಂಡವರು: ಸೊನ್ನೆ.

ಅಳಿಸುವ ಮೊದಲು ಚಿಕ್ಕದೊಂದು ಪ್ರೋಗ್ರಾಂ ಬರೆದು ಒಳಗೆ ಓದಿದೆ.
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
ಕಲ್ಲು ಕೆತ್ತಿಸಬೇಕು.
ಕೆಳಗೆ ಖಾಲಿ.

ಬಾಗಿಲಲ್ಲಿ ವಾಚ್‌ಮನ್ ಬೀಗದ ಕೈ ಅಲ್ಲಾಡಿಸಿದ.
ಪಟ್ಟಿ ಇನ್ನೊಮ್ಮೆ ತೆಗೆದೆ. ನಾನು ಒಳಗಿದ್ದೆನಲ್ಲ,
ಸೊನ್ನೆ ಇದ್ದಲ್ಲಿ ಒಂದು.