ನಾಲ್ಕು ತುದಿ

ಲಿತ್ಗೋ ಊರಿನ ಶಾಲೆಯ ಹಜಾರ.
ತೊಂಬತ್ತೊಂಬತ್ತರ ಮಾರ್ಚ್, ಶನಿವಾರ.
ಹೊರಗೆ ಶಾಲಾನಿಧಿಗೆಂದು ಸಾಸೇಜು ಸುಡುವ ಹೊಗೆ,
ಒಳಗೆ ನಾನು, ಸ್ಕೇಲು ಹಿಡಿದು
ಬಂದವರ ಹೆಸರಿಗೆ ಗೆರೆ ಎಳೆಯುವವಳು.

ಕೆಳಮನೆಯ ಚೀಟಿ ಅಂಗೈಯಗಲ.
ಮೇಲ್ಮನೆಯದು ಮೇಜಿನ ಹಾಸು.
ಉತ್ಪ್ರೇಕ್ಷೆಯಲ್ಲ, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅಳೆದಿದ್ದೆ:
ಅಡ್ಡ ಒಂದು ಮೀಟರು, ಉದ್ದ ಮುಕ್ಕಾಲಿಗೆ ತುಸು ಕಡಿಮೆ.
ಇನ್ನೂರ ಅರವತ್ತನಾಲ್ಕು ಹೆಸರು, ಇರುವೆ ಸಾಲಿನಂತೆ.
ರಟ್ಟಿನ ಮರೆ ಮಾತ್ರ ಹಳೆಯದೇ, ಮೊಣಕೈಯಗಲ.
ಹಾಸಿಗೆ ಇದ್ದಷ್ಟು ಕಾಲು ಚಾಚಬಹುದು, ಸರಿ;
ಮಂಚಕ್ಕಿಂತ ಹಾಸಿಗೆಯೇ ದೊಡ್ಡದಾದರೆ?

ಹತ್ತೂವರೆಗೆ ಥೆಲ್ಮಾ ಪ್ರಾಸರ್ ಬಂದಳು.
ವಯಸ್ಸು ಎಂಬತ್ತೆರಡು,
ಅದರಲ್ಲಿ ನಲವತ್ತು ರೈಲು ನಿಲ್ದಾಣದೆದುರಿನ ಹೋಟೆಲಿನ
ಬಟ್ಟೆ ಒಗೆಯುವ ಕೋಣೆಯಲ್ಲಿ.
‘ಮೇಲ್ಮನೆ ಅಂದ್ರೆ ಮಹಡಿ ಅಂದ್ಕೊಂಡಿದ್ದೆ ಚಿಕ್ಕೋಳಿದ್ದಾಗ.
ಒಗೆದದ್ದು ಮೇಲಕ್ಕೆ, ಕೊಳೆ ಕೆಳಕ್ಕೆ.
ಆಮೇಲೆ ಗೊತ್ತಾಯ್ತು,
ಸರಿಯಾಗೇ ಅಂದ್ಕೊಂಡಿದ್ದೆ.’

ಅವಳಜ್ಜ ಕಲ್ಲಿದ್ದಲಿಗೆ ಇಳಿಯುತ್ತಿದ್ದ ಕಾಲಕ್ಕೆ
ಗವರ್ನರ ಬೆರಳು ಯಾರ ಕಡೆಗೋ ಅವನೇ ಸದಸ್ಯ,
ಉಸಿರಿರುವ ತನಕ.
ಕುರಿಮಂದೆಯ ಧಣಿಗಳು, ಹಡಗಿನ ಸಾಹುಕಾರರು
ಕೆಂಪು ಕುರ್ಚಿಗೆ ಬೆನ್ನು ಕೊಟ್ಟರೆಂದರೆ
ಅಲ್ಲಿಂದಾಚೆಗೆ ಸಾವೇ ಚುನಾವಣಾಧಿಕಾರಿ.

ಅವಳಿಗೆ ಹದಿನಾರು ತುಂಬಿದ ವರ್ಷ, ಮೂವತ್ತಮೂರರಲ್ಲಿ,
ಬೆರಳು ಹೋಯಿತು. ಚೀಟಿ ಬಂತು:
ಎರಡೂ ಮನೆಯವರು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಚೀಟಿ.
ಬಡಿಸುವವರೂ ಅವರೇ, ಎಲೆಯ ಮುಂದೆ ಕೂತವರೂ ಅವರೇ.

ಅರವತ್ತೊಂದರಲ್ಲಿ ಅವಳನ್ನೂ ಕೇಳಿದರು.
ಯಾರು ಬೇಕು ಎಂದಲ್ಲ,
ಈ ಮನೆಯನ್ನೇ ಕೆಡವೋಣವೇ ಎಂದು.
ಗಣಿಯ ಗೆಳೆಯರೆಲ್ಲ ಕೆಡವಿ ಎಂದರು, ಗಂಡ ಆಲ್ಫ್ ಎಲ್ಲರಿಗಿಂತ ಜೋರಾಗಿ.
ಇವಳು ಬೇಡ ಎಂದು ಬರೆದು ಬಂದು
ಅವನಿಗೆ ಚಹಾ ಕೊಟ್ಟಳು.
ಅವನು ಸಾಯುವ ತನಕ ಬಾಯಿ ಬಿಡಲಿಲ್ಲ.
‘ಒಂದಿನ ನಮ್ಮನ್ನೂ ಒಳಗೆ ಬಿಟ್ಟಾರು.
ಅಷ್ಟರಲ್ಲಿ ಮನೇನೇ ಇಲ್ಲದಿದ್ರೆ?’

ಎಪ್ಪತ್ತೆಂಟರಲ್ಲಿ ಬಿಟ್ಟರು.
ಅರವತ್ತೊಂದರ ಕೈ ಪೆನ್ಸಿಲಿಗೆ ನಡುಗಿತಂತೆ,
ಇಸ್ತ್ರಿಪೆಟ್ಟಿಗೆಗೆ ಎಂದೂ ನಡುಗದ ಕೈ.

ಇದನ್ನೆಲ್ಲ ಅವಳು ಹೇಳಿದ್ದು ನನ್ನ ಮೇಜಿಗೆ ಒರಗಿ,
ಹಿಂದೆ ಸರದಿಯಲ್ಲಿ ಯಾರೋ ಕೆಮ್ಮುತ್ತಿರುವಾಗ.
ಮೂರು ತಲೆಮಾರಿಗೆ ಒಂದು ಚೌಕವನ್ನೂ ಕೊಡದವರು
ಈಗ ಇಡೀ ಥಾನು ಬಿಚ್ಚಿ ಹಾಸಿದ್ದರು.

ಅವಳು ಮರೆಯೊಳಗೆ ಹೋದಳು. ಸರಬರ ಸದ್ದು.
ಕಾಗದದ ಒಂದಂಚು ಪಕ್ಕದವನ ಮರೆಯೊಳಕ್ಕೆ ಇಣುಕಿತು,
ದಾರ ಕಟ್ಟಿದ ಪೆನ್ಸಿಲು ಬಿತ್ತು,
ಮತ್ತೆ ಬಿತ್ತು.
ಬಹಳ ಹೊತ್ತಿನ ಮೇಲೆ ಒಂದು ದನಿ:
‘ಮಗಳೇ, ಬಾ ಇಲ್ಲಿ. ಇದು ಒಬ್ಬರಿಂದ ಮಡಿಸೋದಲ್ಲ.’

ನಿಯಮಪುಸ್ತಕದಲ್ಲಿ ಇದಕ್ಕೆ ಪುಟವಿರಲಿಲ್ಲ.
‘ಬರಹ ನನ್ನ ಕಡೆ, ಬೆನ್ನು ನಿನ್ನ ಕಡೆ,’ ಎಂದಳು.
ಎರಡು ತುದಿ ಅವಳು, ಎರಡು ತುದಿ ನಾನು,
ನಡುವೆ ಬರಿಯ ಬಿಳುಪು, ಬೆಳಕಿಗೆ ಮಾಸಲು ನೆರಳು.
ಕಣ್ಣು ಮುಚ್ಚಿಕೊಂಡೆ.
ಚಾದರ ಮಡಿಸುವವರಂತೆ ಒಂದೊಂದೇ ಹೆಜ್ಜೆ ಮುಂದಿಟ್ಟೆವು.
ಬೆರಳು ಬೆರಳಿಗೆ ತಾಕಿತು. ಸೋಡಾ ತಿಂದ ಬೆರಳು.
ಹಿಂದೆ ಸರಿದು ಮತ್ತೊಂದು ಮಡಿಕೆ.
ಕೊನೆಗೆ ಮೂಲೆ ಒಳಕ್ಕೆ ಸಿಕ್ಕಿಸಿ
ಅಂಗೈಯಿಂದ ಒಮ್ಮೆ ಸವರಿ ಡಬ್ಬಿಗೆ ಹಾಕಿದಳು,
ಅತಿಥಿ ಬರುವ ಮೊದಲು ಹಾಸಿಗೆಯನ್ನು ಸವರುವ ಹಾಗೆ.

ಆ ರಾತ್ರಿ ಎಣಿಕೆ. ಬಿಚ್ಚಿದಷ್ಟೂ ಕಾಗದ,
ಕುರ್ಚಿ ಸಾಲದೆ ನೆಲದ ಮೇಲೆ ಹರಡಿದೆವು.
ಮುದುಡಿದ್ದು, ಉಂಡೆಗಟ್ಟಿದ್ದು, ಡಬ್ಬಿಯ ಬಾಯಲ್ಲಿ ಹರಿದದ್ದು.
ಒಂದು ಮಾತ್ರ
ಮೂಲೆ ಒಳಗೆ ಸಿಕ್ಕಿಸಿ, ಅಂಚಿಗೆ ಅಂಚು ಕೂಡಿ,
ಹೋಟೆಲಿನ ಕಪಾಟಿನಿಂದ ತೆಗೆದಂತೆ.

ಬಿಚ್ಚಲಿಲ್ಲ ನಾನು.
ಪಕ್ಕದವನ ರಾಶಿಗೆ ಸರಿಸಿ
ಚಹಾಕ್ಕೆಂದು ಎದ್ದೆ.