ಎಡ ಮಗ್ಗುಲು

ಎಡ ಮಗ್ಗುಲಿಗೆ ತಿರುಗಿ, ವರ್ಲಿನ್, ಕೈ ತಲೆಯ ಕೆಳಗೆ.
ಜೆಲ್ಲು ತಣ್ಣಗಿರುತ್ತದೆ, ಎಲ್ಲರಿಗೂ ಮೊದಲೇ ಹೇಳುತ್ತೇನೆ.
ಕಿಟಕಿಯಾಚೆ ವೆಲ್ಚ್ ಊರು: ಹೊಳೆಯ ಬದಿಗೆ ರೈಲುಹಳಿ,
ಹಳಿಯ ಬದಿಗೆ ಒಂದು ರಸ್ತೆ,
ಇನ್ನೊಂದಕ್ಕೆ ಗುಡ್ಡ ಜಾಗ ಬಿಟ್ಟಿಲ್ಲ.

ಬೆನ್ನ ಹಿಂದೆ ಕೂತು, ಕೈ ಬಳಸಿ ಎದೆ ಹುಡುಕುವ ಕೆಲಸ ನನ್ನದು.
ಹಾಗಾಗಿ ಮೊದಲು ಕಂಡದ್ದು ಜೀನ್ಸಿನ ಹಿಂಜೇಬು:
ಡಬ್ಬಿಯ ಅಂಚು ಸವೆಸಿ ಸವೆಸಿ ಬಿಳಿಚಿದ ದುಂಡು ಗುರುತು,
ಗ್ರಹಣದ ಹೊತ್ತಿನ ಬಳೆಯಂತೆ.

"ಒಂದೇ ಒಂದು ಸಿಗರೇಟು ಸೇದಿದವನಲ್ಲ ನಾನು"
ಎಂದ, ಗೋಡೆಗೆ.
ಸೇದುವಂತಿರಲಿಲ್ಲ. ಗಣಿಯೊಳಗೆ ಅನಿಲ.
ಒಬ್ಬ ಕಡ್ಡಿ ಗೀರಿದರೆ ಹದಿನೇಳು ಮಂದಿಗೆ ಒಂದೇ ಮಣ್ಣು.
ಅದಕ್ಕೇ ಕೆಳದುಟಿಗೂ ಒಸಡಿಗೂ ನಡುವೆ ಒಂದು ಚಿಟಿಕೆ,
ಇಳಿಯುವ ಮುಂಚೆ ಒಂದು, ಬುತ್ತಿಯಾದ ಮೇಲೆ ಒಂದು,
ಉಗುಳಲು ಸೋಡಾದ ಖಾಲಿ ಬಾಟಲಿ.
ಮೂವತ್ತನಾಲ್ಕು ವರ್ಷ.
"ಧೂಳು ಎಷ್ಟು ಕೂತಿದೆ ಅಂತ ಮತ್ತೆ ಮತ್ತೆ ಪುಪ್ಪುಸದ ಪಟ ತೆಗೆದರು.
ಅದರ ನಡುವೆ ಸಿಕ್ಕಿಕೊಂಡ ಈ ಮುದ್ದೆಯ ಬಗ್ಗೆ
ಯಾರೂ ಕೇಳಲಿಲ್ಲ."

ನಮ್ಮ ಮಾತಿನಲ್ಲಿ ಅದು ಹೊಗೆಸೊಪ್ಪು.
ಸೇದಿದರೂ ಅದೇ ಹೆಸರು, ಅಗಿದರೂ ಅದೇ.
ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಗಾದೆ ಕಟ್ಟಿದವರು
ಹೊಗೆಯಾಡದೆ ಉರಿಯುವುದಕ್ಕೊಂದು ಕಟ್ಟಲು ಮರೆತರು.

ಪರದೆಯ ಮೇಲೆ ಬೂದಿ ಬಣ್ಣದ ಬೀಸಣಿಗೆ.
ಕವಾಟ ತೆರೆಯುತ್ತದೆ, ಬಡಿಯುತ್ತದೆ, ತೆರೆಯುತ್ತದೆ.
ಕೆಳಗಿನ ಗೋಡೆ ಮಾತ್ರ ಸುಮ್ಮನಿದೆ,
ರಜೆ ಕೇಳದೆ ಕೂತುಬಿಟ್ಟ ಆಳಿನ ಹಾಗೆ.
ಉಳಿದವು ಅದರ ಪಾಲನ್ನೂ ದುಡಿಯುತ್ತಿವೆ.
ಅಳೆದೆ: ಒಂದು ಬಡಿತಕ್ಕೆ ಹೊರಗೆ ದೂಡುವುದು
ನೂರಕ್ಕೆ ಮೂವತ್ತೆಂಟು.
ನಾನು ಹೇಳುವಂತಿಲ್ಲ. ಹೇಳುವವರು ಡಾಕ್ಟರು, ಮಂಗಳವಾರ.

ಆದರೆ ಆ ಚಿಟಿಕೆಯ ಹಾದಿ ನನಗೆ ಗೊತ್ತು.
ಒಸಡಿನಿಂದ ನೆತ್ತರಿಗೆ ಇಳಿದದ್ದೇ ನಾಡಿ ಓಡುತ್ತದೆ,
ಯಾರೋ ಅಟ್ಟಿಸಿಕೊಂಡು ಬಂದ ಹಾಗೆ. ಬಂದವರು ಯಾರೂ ಇಲ್ಲ.
ರಕ್ತನಾಳ ಬಿಗಿಯುತ್ತದೆ, ಸಡಿಲುತ್ತದೆ, ಮತ್ತೆ ಬಿಗಿಯುತ್ತದೆ,
ದಿನಕ್ಕೆ ಹತ್ತು ಸಲ. ವರ್ಷಕ್ಕೆಷ್ಟೆಂದು ಲೆಕ್ಕ ಹಿಡಿದೆ, ಕೈಬಿಟ್ಟೆ.
ಬಾಯಿ ಹುಣ್ಣಾದರೆ ಕನ್ನಡಿ ಹೇಳೀತು.
ಎದೆಗೆಲ್ಲಿ ಕನ್ನಡಿ,
ನಾನು ಹಿಡಿಯುವ ಇದೊಂದು ಬಿಟ್ಟರೆ?

ನಿಪ್ಪಾಣಿಯ ವಖಾರಿಯಲ್ಲಿ ನಮ್ಮವ್ವ ತಂಬಾಕು ಜರಡಿ ಹಿಡಿಯುತ್ತಿದ್ದಳು.
ಸೀರೆ ಒಗೆದ ನೀರು ಚಹಾದ ಬಣ್ಣ.
ಮೊಲೆಗೆ ಬಂದ ಕೂಸೂ ಸೀನುತ್ತಿತ್ತಂತೆ. ಆ ಕೂಸು ನಾನು.
ಅಂಗೈಗೆ ಸುಣ್ಣ ಸವರಿ, ಹೆಬ್ಬೆರಳಲ್ಲಿ ತಿಕ್ಕಿ,
ಎರಡು ಬೆರಳಲ್ಲಿ ಪಟಪಟ ತಟ್ಟಿ ಧೂಳು ಹಾರಿಸುವುದನ್ನು
ಹದಿನಾರಕ್ಕೆ ಕಲಿತೆ, ಸೈಕಲ್ಲಿಗಿಂತ ಮೊದಲು.

"ನೀನೂನಾ?" ಎಂದ ವರ್ಲಿನ್, ತಿರುಗದೆ.
ಮಾಸ್ಕು ಹಾಕಿದ್ದೆ. ಪುದೀನ ಚಪ್ಪರಿಸಿದ್ದೆ.
"ಕತ್ತಲಲ್ಲಿ ದುಡಿದವ ನಾನು, ಮುಖ ಬೇಕಿಲ್ಲ.
ತುಟಿ ಒಂದು ಕಡೆ ಮಡಿಸಿ ಮಾತಾಡುತ್ತೀಯ.
ನಮ್ಮ ಪಾಳಿಯಲ್ಲಿ ಎಲ್ಲರ ಮಾತೂ ಹೀಗೇ ಕೇಳುತ್ತಿತ್ತು."

ಉಸಿರು ಹಿಡಿದುಕೊಳ್ಳಿ, ಎಂದೆ.
ಇಬ್ಬರೂ ಹಿಡಿದೆವು.

ಸಂಜೆ ಕೋಣೆ ಖಾಲಿಯಾದ ಮೇಲೆ ಚಿಲಕ ಹಾಕಿ
ನಾನೇ ಮಂಚದ ಮೇಲೆ ಎಡ ಮಗ್ಗುಲಾದೆ.
ಬೆಳಗ್ಗೆ ಯಾವ ಮಗ್ಗುಲಲ್ಲಿ ಎದ್ದಿದ್ದೆನೋ!
ಜೆಲ್ಲು ನಿಜಕ್ಕೂ ತಣ್ಣಗಿತ್ತು;
ಹತ್ತೊಂಬತ್ತು ವರ್ಷ ಹೇಳುತ್ತಲೇ ಬಂದಿದ್ದೆ, ಗೊತ್ತಿರಲಿಲ್ಲ.
ಪ್ರೋಬು ಪಕ್ಕೆಯ ಸಂದಿಗೆ ಒತ್ತಿದೆ.
ಪರದೆ ಇನ್ನೂ ನನ್ನ ಖಾಲಿ ಕುರ್ಚಿಯ ಕಡೆಗೇ ಮುಖ ಮಾಡಿತ್ತು.
ಕೈ ಚಾಚಿ ತಿರುಗಿಸಿದರೆ ಆಯಿತು. ತಿರುಗಿಸುತ್ತೇನೆ.

ಅಷ್ಟರಲ್ಲಿ ನಾಲಗೆ, ತನ್ನಷ್ಟಕ್ಕೆ ತಾನೇ
ಕೆಳದುಟಿಯ ಒಳಗೆ ಹೋಗಿ
ಇದೆಯೇ ಎಂದು ಮುಟ್ಟಿ ನೋಡಿತು.

ಇತ್ತು.