ಗಿರಣಿಯಲ್ಲಿ ಅವ್ವನಿಗೆ ಕೇಳಿಸುತ್ತಿತ್ತು

ನಮ್ಮದು ಇಬ್ಬರು ಕಿವುಡರ ಮನೆ.
ಹಟ್ಟಿಯ ಗಣಿ ಕ್ಯಾಂಪಿನಲ್ಲಿ ಯಾರನ್ನು ಕೇಳಿದರೂ
ಹಾಗೇ ದಾರಿ ಹೇಳುತ್ತಿದ್ದರು:
ನೀರಿನ ಟಾಕಿ ದಾಟಿ ಎಡಕ್ಕ, ಕಿವುಡರ ಮನಿ,
ಬಾಗಿಲಾ ಬಡೀಬ್ಯಾಡ್ರಿ, ಸೀದಾ ಒಳಗ ಹೋಗ್ರಿ.

ಅಪ್ಪನ ಹೆಸರು ಮೌನೇಶಪ್ಪ.
ಓಣಿಯಲ್ಲೇ ದೊಡ್ಡ ಗಂಟಲು ಅವನದು.
ಇಪ್ಪತ್ತಾರು ವರ್ಷ ನೆಲದಡಿಯಲ್ಲಿ ಕಲ್ಲಿಗೆ ಡ್ರಿಲ್ಲು ಹಿಡಿದವನು
ಉಪ್ಪು ಕೇಳಿದರೂ ಶಿಫ್ಟಿನ ಸೈರನ್ನು ಕೂಗಿದಂತೆ.
ಅವ್ವ ಮಾತ್ರ ಮೆತ್ತಗೆ ಮಾತಾಡುವಳು,
ಕೂಸು ಎದ್ದೀತು ಎಂಬಂತೆ,
ತೊಟ್ಟಿಲು ಅಟ್ಟಕ್ಕೇರಿ ಎಷ್ಟೋ ವರ್ಷವಾಗಿದ್ದರೂ.

ತಮ್ಮ ಹುಟ್ಟಿದ ಮೇಲೆ ಶುರುವಾದದ್ದು.
ಬಾಣಂತನದಾಗ ಗಾಳಿ ಹೊಕ್ಕೈತಿ ಎಂದಳು ಅಜ್ಜಿ.
ಬೆಳ್ಳುಳ್ಳಿ ಎಣ್ಣೆ ಬಿಟ್ಟರು, ಬಿಸಿ ಬೂದಿಯ ಗಂಟು ಇಟ್ಟರು,
ಆಮೇಲೆ ಬಿಟ್ಟುಬಿಟ್ಟರು.
ಗಂಡನಿಗೆ ಬಂದದ್ದೇ ಹೆಂಡತಿಗೂ ಬಂತು, ಒಂದೇ ಚಾಪೆಯ ಋಣ.

ಆದರೆ ಗಿರಣಿಯಲ್ಲಿ ಅವ್ವನಿಗೆ ಕೇಳಿಸುತ್ತಿತ್ತು.
ಖಾಜಾಸಾಬರ ಗಿರಣಿ. ಬೆಲ್ಟು ಚಟಪಟ ಬಡಿದು ಕಲ್ಲು ಮೊರೆವಾಗ
ಜೋಳದ ಡಬ್ಬಿ ಹಿಡಿದ ಹೆಂಗಸರೆಲ್ಲ
ಒಬ್ಬರ ತುಟಿ ಒಬ್ಬರು ನೋಡುತ್ತ, ಏನಂದಿ? ಏನಂದಿ?
ಅವ್ವ ಥಟ್ಟನೆ ಉತ್ತರ ಕೊಡುವಳು. ನಗುವಳು ಕೂಡ.
ಬೇಕಾದಾಗ ಕೇಳತೈತಿ ಆಕಿಗೆ, ಅಂದರು.
ನಾಟಕದಾಕಿ, ಅಂದರು.
ನಾನೂ ಅಂದೆ, ಒಂಬತ್ತನೆಯ ಕ್ಲಾಸಿನಲ್ಲಿ, ಒಮ್ಮೆ,
ಅದೇ ಗಿರಣಿಯ ಬಾಗಿಲಲ್ಲಿ ನಿಂತು.

ರಾಯಚೂರಿನ ಕಾಲೇಜಿನಲ್ಲಿ ನನ್ನ ಕೈಗೂ ಡ್ರಿಲ್ಲು ಬಂತು.
ಅಪ್ಪನದು ಹೆಗಲಿಗೆ ಭಾರ, ನನ್ನದು ಪೆನ್ನಿನಷ್ಟು.
ಹೆಸರಿಲ್ಲದ ಯಾರದೋ ಬುರುಡೆಯ ಎಲುಬನ್ನು ಕೊರೆಕೊರೆದು
ಕಿವಿದಮಟೆಯ ಹಿಂದಿನ ಕೋಣೆಗೆ ಇಳಿಯಬೇಕು.
ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು:
ಕಮ್ಮಾರನಿಲ್ಲ, ಕುದುರೆಯೂ ಇಲ್ಲ.
ಕೊನೆಯದು ಅಕ್ಕಿಕಾಳಿನ ಅರ್ಧ.
ಉಸಿರು ಬಿಟ್ಟರೆ ಹಾರುತ್ತದೆ ಎಂದಿದ್ದರು. ಹಾರಿತು.
ಅರ್ಧ ಗಂಟೆ ನೆಲ ಸವರಿದೆ.

ಮೇಡಂ ಪಾಠ ಹೇಳುತ್ತಿದ್ದರು:
ಈ ರಿಕಾಪು ಕಿಟಕಿಯ ಚೌಕಟ್ಟಿಗೆ ಅಂಟಿಬಿಡುವ ರೋಗವಿದೆ.
ಹೆಂಗಸರಿಗೆ ಹೆಚ್ಚು, ಬಸಿರು ಬಾಣಂತನದಲ್ಲಿ ಬಿಗಿಯುವುದುಂಟು.
ತಮ್ಮ ದನಿ ಎಲುಬಿನೊಳಗಿಂದ ತಮಗೇ ಜೋರಾಗಿ ಕೇಳುವುದರಿಂದ
ಮೆತ್ತಗೆ ಮಾತಾಡುತ್ತಾರೆ. ಮತ್ತೊಂದು, ಬರೆದುಕೊಳ್ಳಿ,
ಗದ್ದಲದಲ್ಲಿ ಇವರಿಗೆ ಚೆನ್ನಾಗಿ ಕೇಳುತ್ತದೆ.

ಗದ್ದಲದಲ್ಲಿ, ಎಂದು ಬರೆದೆ.
ಪೆನ್ನು ಅಲ್ಲೇ ನಿಂತಿತು.
ಪುಟದ ತುಂಬ ಜೋಳದ ಹಿಟ್ಟಿನ ವಾಸನೆ.

ಶನಿವಾರ ಶ್ರುತಿಕವೆ ಹಿಡಿದು ಊರಿಗೆ ಹೋದೆ.
ಮೊಣಕಾಲಿಗೆ ತಟ್ಟಿ ಅಪ್ಪನ ಕಿವಿಯ ಮುಂದೆ ಹಿಡಿದರೆ
ಸ್ವಲ್ಪ ಐತಿ! ಎಂದು ಕೂಗಿದ;
ಹಿಂದಿನ ಎಲುಬಿಗೆ ಒತ್ತಿದರೆ, ಏನಿಲ್ಲ!
ಅವನ ಮೂರು ಎಲುಬೂ ನಿಯತ್ತಿನಿಂದ ಸುದ್ದಿ ಒಯ್ಯುತ್ತಿವೆ,
ಒಳಗೆ ಇಸಕೊಳ್ಳುವವರಿಲ್ಲ.
ಅವ್ವನಿಗೆ ಮುಂದೆ ಹಿಡಿದರೆ ಬರೀ ನನ್ನ ಮುಖ ನೋಡಿದಳು.
ಎಲುಬಿಗೆ ಒತ್ತಿದೆ.
ಯವ್ವಾ, ಅಂದಳು, ಮೆತ್ತಗೆ,
ಜೇನುಹುಳ ಹೊಕ್ಕೈತಿ.

ಅಪ್ಪನದು ಒಳಮನೆ ಸುಟ್ಟದ್ದು.
ಅವ್ವನದು ಬಾಗಿಲ ತಿರುಗಣಿಗೆ ತುಕ್ಕು ಹಿಡಿದದ್ದು.
ಇಪ್ಪತ್ತು ವರ್ಷ ಎರಡಕ್ಕೂ ಒಂದೇ ಹೆಸರು ಕರೆದೆವು.

ಅಪ್ಪ ಮಷೀನು ಹಾಕಿಕೊಂಡ; ಬೈಯುತ್ತಲೇ ಹಾಕಿಕೊಳ್ಳುತ್ತಾನೆ.
ಅವ್ವನ ಆಪರೇಷನ್ನು ಮೇಡಂ ಮಾಡಿದರು, ನಾನು ಮೂಲೆಯಲ್ಲಿದ್ದೆ.
ಎಚ್ಚರದಲ್ಲೇ ಮಲಗಿದ್ದಳು.
ಕೂದಲೆಳೆಯಂಥ ಕೊಂಡಿ ಕೂತದ್ದೇ ತಡ,
ಅಮರಮ್ಮಾ, ಕೇಳಿಸತೈತೇನು? ಎಂದರು.
ಯಾಕವ್ವ ಒದರತಿ, ಅಂದಳು.

ಕಳೆದ ವಾರ ಡಬ್ಬಿ ಹೊತ್ತು ಅವಳೊಂದಿಗೆ ಗಿರಣಿಗೆ ಹೋದೆ.
ಬಾಗಿಲಲ್ಲಿ ನಿಂತು ಅಂದೆ,
ಹದಿಮೂರು ವರ್ಷದಿಂದ ಬಾಕಿಯಿದ್ದ ಮಾತು.
ಕಲ್ಲು ಮೊರೆಯುತ್ತಿತ್ತು.
ಎಲ್ಲರ ಹಾಗೆ ಅವ್ವ ನನ್ನ ತುಟಿ ನೋಡಿದಳು:
ಏನಂದಿ?